ಏಕಾದಶಿಯ ಚುಕ್ಕಿ

ಮಗನ ಗಿಟಾರಿಗೆ ಚುಕ್ಕಿ ಇರಲಿಲ್ಲ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನ ಕುತ್ತಿಗೆ ಸಾಮಾನ್ಯವಾಗಿ ಬೋಳಾಗಿಯೇ ಇರುತ್ತದಂತೆ. ಬೆರಳಿಡುವ ಜಾಗ ಗೊತ್ತಾಗಲು ಮುತ್ತಿನ ಚಿಪ್ಪಿನ ಚುಕ್ಕಿ ಕೂರಿಸಿ ಕೊಡಿಸಪ್ಪಾ ಎಂದ. ಮಂಗಳೂರಿನಲ್ಲಿ ಕೇಳಿದ ರೇಟಿಗೆ ಇನ್ನೊಂದು ಗಿಟಾರೇ ಬರುತ್ತಿತ್ತು. ಬದಿಯಡ್ಕದಲ್ಲಿ ನಮ್ಮ ಆಚಾರಿ ಇದ್ದಾನಲ್ಲ ಎಂದೆ.

ಇವನು ನನ್ನ ಹಳೇ ವಿದ್ಯಾರ್ಥಿ. ನಮ್ಮ ಹಲಸಿನ ಉಯ್ಯಾಲೆ ಮಣೆಗೆ ಬೀಟೆಯ ಬಳ್ಳಿ ಹುದುಗಿಸಿದವನೂ ಇವನೇ. ಹಳದಿ ಹಲಸು, ಕಪ್ಪು ಬೀಟೆ. ಉಗುರು ಹಾಕಿದರೂ ಸಂದು ಸಿಗುವುದಿಲ್ಲ. ಸವೆಯುತ್ತದೆ ಎಂದು ಅಮ್ಮ ಅದರ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ, ಅದು ಬೇರೆ ಕತೆ.

ಚಿಪ್ಪಿಗೆ ದುಡ್ಡೇಕೆ ಎಂದು ಕುಂಬಳೆ ಕಡಲ ಕರೆಯಿಂದ ಒಂದು ಚೀಲ ಮರುವಾಯಿ ಚಿಪ್ಪು ಹೆಕ್ಕಿ ತಂದೆ. ಮೂರು ದಿನ ಮನೆಯಿಡೀ ವಾಸನೆ. ಆಚಾರಿ ಚೀಲದೊಳಗೆ ಇಣುಕಿದ. "ಮಾಷ್ಟ್ರೇ, ಇದು ಸುಣ್ಣ ಸುಡ್ಲಿಕ್ಕೆ ಆಗ್ತದೆ."

ಹೊಳೆಯುವ ಚಿಪ್ಪು ತರಿಸಿದೆ. ಒಂದೂವರೆ ಮಿಲಿಮೀಟರ್ ದಪ್ಪದ ಬಿಲ್ಲೆ. ಕೈತಪ್ಪಿದರೆ ಹಪ್ಪಳ. ಆಚಾರಿ ಮುಖಕ್ಕೆ ಬೈರಾಸು ಬಿಗಿದು, ನೂಲಿನಂಥ ಗರಗಸದಲ್ಲಿ ಕೊಯ್ಯುತ್ತಿದ್ದ. ಚಿಪ್ಪಿನ ಹುಡಿ ಎದೆಗೆ ಒಳ್ಳೆಯದಲ್ಲವಂತೆ. ಮರದ ಹುಡಿ ಕಲಸಿದ ಎಪಾಕ್ಸಿ ಅಂಟು. ನೋಡಲೇ ಚಂದ. ನಾನು ಚೀಟಿ ಬರೆದುಕೊಟ್ಟು ಬಂದೆ: ಕುತ್ತಿಗೆಯ 3, 5, 7, 9ನೇ ಮೆಟ್ಟಿನಲ್ಲಿ (ಫ್ರೆಟ್) ಒಂದೊಂದು ಚುಕ್ಕಿ, 12ರಲ್ಲಿ ಎರಡು.

ವಾರ ಬಿಟ್ಟು ಹೋದರೆ ಚುಕ್ಕಿಗಳು ನಕ್ಷತ್ರದ ಹಾಗೆ ಹೊಳೆಯುತ್ತಿದ್ದವು. ಜೋಡಿ ಚುಕ್ಕಿ ಮಾತ್ರ 11ರಲ್ಲಿ ಕೂತಿತ್ತು.

"ಹನ್ನೆರಡು ಅಂತ ಬರೆದಿದ್ರಿ. ಒಂಬತ್ತರ ಮೇಲೆ ಹನ್ನೊಂದಲ್ವಾ ಮಾಷ್ಟ್ರೇ? ಕಣ್ತಪ್ಪು ಅಂತ ನಾನೇ ಸರಿ ಮಾಡಿದೆ. ಬೆಸ ಸಂಖ್ಯೆ ಕಲಿಸಿದ್ದು ನೀವೇ ಅಲ್ವಾ?"

ಬೆತ್ತ ಹಿಡಿದು ಕಲಿಸಿದ್ದೆ. ಏನು ಹೇಳುವುದು?

ಮನೆಯಲ್ಲಿ ಅಮ್ಮನೂ ಅವನ ಪಾರ್ಟಿ. "ತದಿಗೆ, ಪಂಚಮಿ, ಸಪ್ತಮಿ, ನವಮಿ, ಏಕಾದಶಿ. ಅವ ಮಾಡಿದ್ದೇ ಸರಿ. ಏಕಾದಶಿ ಬಿಟ್ಟು ದ್ವಾದಶಿಗೆ ಹಾರುವುದುಂಟಾ?"

ಮಗ ಮಾತಾಡಲಿಲ್ಲ. 12ರ ಮೇಲೆ ತಂತಿಗೆ ಹಗುರಾಗಿ ಬೆರಳು ತಾಗಿಸಿ ಮೀಟಿದ. ಗಂಟೆ ಹೊಡೆದ ಹಾಗೆ ಕೇಳಿತು. 11ರಲ್ಲಿ ಹಾಗೇ ಮಾಡಿದ. ಥಪ್.

ಮಾರನೇ ದಿನ ಗಿಟಾರು ಹಿಡಿದು ಮತ್ತೆ ಬದಿಯಡ್ಕ. ಆಚಾರಿಯ ಟೇಪಿನಲ್ಲೇ ಅಳೆಸಿದೆ. ತಂತಿಯ ಉದ್ದ 65 ಸೆಂಟಿಮೀಟರ್. 12ನೇ ಮೆಟ್ಟು ಸರಿಯಾಗಿ ಮೂವತ್ತೆರಡೂವರೆಗೆ. ಅರ್ಧ. ಅಲ್ಲಿಗೆ ಸ ಹೋಗಿ ಮೇಲಿನ ಸ ಬರುತ್ತದೆ, ಜೋಡಿ ಚುಕ್ಕಿ ಅದಕ್ಕೇ. ಅವನು ಎರಡು ಸಲ ಅಳೆದ. ಮೂರನೇ ಸಲವೂ ಅಳೆದ. "ಇದನ್ನು ಚೀಟಿಯಲ್ಲಿ ಬರೀಬೇಕಿತ್ತು ನೀವು" ಎಂದ.

ಎಪಾಕ್ಸಿ ಕೂತ ಮೇಲೆ ಚುಕ್ಕಿ ಇಡಿಯಾಗಿ ಏಳುವುದಿಲ್ಲ. ಕೊರೆದು ತೆಗೆದು, ಬೀಟೆಯ ಬಿರಡೆ ಹೊಡೆದು, 12ರಲ್ಲಿ ಹೊಸ ಜೋಡಿ ಕೂರಿಸಿದ. ಕಾಸು ಮುಟ್ಟಲಿಲ್ಲ. ಬಿರಡೆಯ ಬಣ್ಣ ಮಾತ್ರ ಸ್ವಲ್ಪ ಕೆಂಪು. ಬಿಸಿಲಿಗೆ ಹಿಡಿದರೆ 11ರಲ್ಲಿ ಗ್ರಹಣ ಹಿಡಿದ ಎರಡು ಚಂದ್ರರು ಕಾಣುತ್ತಾರೆ.

ಅಮ್ಮ ಕನ್ನಡಕ ಏರಿಸಿ ನೋಡಿದರು. "ಆಗಲಿ ಬಿಡು. ಏಕಾದಶಿಗೆ ಉಪವಾಸ ಅಲ್ವಾ?"