ಐಹೊಳೆ ಶಾಸನಕ್ಕೆ ಬಂದ ಐದನೆಯ ಸಂಖ್ಯೆ

ಬಾದಾಮಿ ಚಾಲುಕ್ಯರ ಪಾಠಕ್ಕೆಂದು ಕಳೆದ ವಾರ ಪವರ್‌ಪಾಯಿಂಟಿನಲ್ಲಿ ಅರಸರ ಪಟ್ಟಿ ಮಾಡಿದ್ದೆ. ನಾಲ್ಕನೆಯ ಸಾಲಿನಲ್ಲಿ ಇಮ್ಮಡಿ ಪುಲಕೇಶಿಯ ಹೆಸರು ಬರೆದು, ಅದರ ಕೆಳಗೆ ‘ಐಹೊಳೆ ಶಾಸನ, ರವಿಕೀರ್ತಿ, ಕ್ರಿ.ಶ. 634’ ಎಂಬ ಟಿಪ್ಪಣಿ ಸೇರಿಸಲು ಎಂಟರ್ ಒತ್ತಿದಾಗ ಆ ಟಿಪ್ಪಣಿಗೂ 5 ಎಂಬ ಸಂಖ್ಯೆ ತಾನಾಗಿಯೇ ಬಂದಿತ್ತು. ನಾನು ಗಮನಿಸಲಿಲ್ಲ. ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು, “ಸರ್, ಐದನೇ ರಾಜ ಯಾರ್ರಿ? ಇಲ್ಲಿ ಐಹೊಳೆ ಶಾಸನ ಅಂತ ಐತ್ರಿ” ಎಂದಳು. ಉಳಿದ ಮಕ್ಕಳು ಅದನ್ನು ಹಾಗೆಯೇ ಬರೆದುಕೊಂಡಿದ್ದರು. ಬಾಗಲಕೋಟೆ ಜಿಲ್ಲೆಯ ಮಕ್ಕಳ ನೋಟ್‌ಬುಕ್ಕಿನಲ್ಲಿ ಇಂಥ ತಪ್ಪು ಉಳಿಯಬಾರದು.

ಅವಸರದಲ್ಲಿ ಬ್ಯಾಕ್‌ಸ್ಪೇಸ್ ಒತ್ತಿ ಆ 5ನ್ನು ಅಳಿಸಿದೆ. ಸಂಖ್ಯೆಯಿಲ್ಲದ ಸಾಲು ನಡುವೆ ಬಂದದ್ದರಿಂದ ಸರಣಿ ಕಡಿದು, ಮುಂದಿನ ಅರಸನಿಗೆ ಮತ್ತೆ 1 ಬಂತು. ಆತ ಒಂದನೇ ವಿಕ್ರಮಾದಿತ್ಯ. ‘1. ಒಂದನೇ ವಿಕ್ರಮಾದಿತ್ಯ’ ಎಂದು ಓದುವಾಗ ಎಲ್ಲವೂ ಸರಿಯಾಗಿದೆ ಎಂದೇ ತೋರುತ್ತದೆ, ಆದ್ದರಿಂದ ಈ ತಪ್ಪು ಮೊದಲಿನದಕ್ಕಿಂತ ಕೆಟ್ಟದ್ದು. ಟಿಪ್ಪಣಿಯನ್ನು ಅದೇ ಅಂಶದೊಳಗೆ ಹೊಸ ಸಾಲಿಗೆ ಇಳಿಸಬೇಕಾದರೆ ಶಿಫ್ಟ್ ಹಿಡಿದು ಎಂಟರ್ ಒತ್ತಬೇಕು. ಆಗ ಟಿಪ್ಪಣಿ ಪುಲಕೇಶಿಯ ಹೆಸರಿನ ನೇರಕ್ಕೇ ನಿಲ್ಲುತ್ತದೆ, ವಿಕ್ರಮಾದಿತ್ಯನಿಗೆ ಅವನ 5 ಸಿಗುತ್ತದೆ.

ಹಿಂದಿನ ಬೆಂಚಿಗೂ ಕಾಣಲೆಂದು ಪಟ್ಟಿಯನ್ನು ಎರಡು ಸ್ಲೈಡುಗಳಿಗೆ ಹಂಚಿದಾಗ ಎರಡನೆಯದು ಪುನಃ 1ರಿಂದ ಶುರುವಾಯಿತು. ಒಂದು ಸ್ಲೈಡಿನ ಲೆಕ್ಕ ಇನ್ನೊಂದಕ್ಕೆ ತಿಳಿಯುವುದಿಲ್ಲ. ‘ಬುಲೆಟ್ಸ್ ಅಂಡ್ ನಂಬರಿಂಗ್’ ಪೆಟ್ಟಿಗೆಯಲ್ಲಿ ‘ಸ್ಟಾರ್ಟ್ ಆ್ಯಟ್’ ಎಂಬಲ್ಲಿ 5 ಎಂದು ಕೊಟ್ಟ ಮೇಲೆ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮ ತನ್ನ ಒಂಬತ್ತನೆಯ ಸ್ಥಾನಕ್ಕೆ ಬಂದ.

ಸಹೋದ್ಯೋಗಿಗಳು ಅನೇಕರು ಈ ತೊಂದರೆಯೇ ಬೇಡವೆಂದು ಸಂಖ್ಯೆಗಳನ್ನು ಕೈಯಿಂದಲೇ ಹೊಡೆದು, ಸ್ಪೇಸ್ ಒತ್ತಿ ಒತ್ತಿ ಸಾಲು ಹೊಂದಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನಡುವೆ ಒಂದು ಹೆಸರು ಸೇರಿಸಿದರೆ ಕೆಳಗಿನ ಎಲ್ಲ ಸಂಖ್ಯೆಗಳನ್ನೂ ತಿದ್ದಬೇಕು. ಅಕ್ಷರದ ಗಾತ್ರ ಬದಲಾದರೆ ಹೊಂದಾಣಿಕೆ ಕೆಡುತ್ತದೆ. ತಾನಾಗಿ ಬರುವ ಸಂಖ್ಯೆಗಳಲ್ಲಿ ಹತ್ತನೆಯ ಅಂಶದಿಂದ ಅಕ್ಷರಗಳು ಬಲಕ್ಕೆ ಜಿಗಿಯುವುದು ಎರಡಂಕಿಗೆ ಜಾಗ ಸಾಲದೆ. ರೂಲರ್ (ಸ್ಲೈಡಿನ ಮೇಲಿನ ಅಳತೆಪಟ್ಟಿ) ತೆರೆದು ಸಂಖ್ಯೆಗೂ ಅಕ್ಷರಕ್ಕೂ ನಡುವಿನ ಅಂತರ ಹೆಚ್ಚಿಸಿದರೆ ಸರಿಹೋಗುತ್ತದೆ. ಸಾಲಿನ ಮೊದಲ ಅಕ್ಷರಕ್ಕೆ ಕೆಂಪು ಬಣ್ಣ ಕೊಟ್ಟರೆ ಸಂಖ್ಯೆಯೂ ಕೆಂಪಾಗುತ್ತದೆ, ಅದಕ್ಕೆ ಬೇರೆ ಬಣ್ಣವನ್ನು ಅದೇ ಪೆಟ್ಟಿಗೆಯಲ್ಲಿ ಆರಿಸಬಹುದು. ನಾನು ಹೋಗಿದ್ದ ತರಬೇತಿಯಲ್ಲಿ ಅಕ್ಷರಗಳನ್ನು ಹಾರಿಸುವುದನ್ನು, ತಿರುಗಿಸುವುದನ್ನು ವಿಸ್ತಾರವಾಗಿ ಕಲಿಸಿದರು; ಕ್ರಮಸಂಖ್ಯೆಯ ಮಾತೇ ಬರಲಿಲ್ಲ. ಇತಿಹಾಸದ ಮೇಷ್ಟ್ರಿಗೆ ಬೇಕಾದದ್ದು ಇದೇ.

ಕೈಯಿಂದ ಹೊಡೆಯಲೇಬೇಕಾದ ಒಂದು ಸಂದರ್ಭವಿದೆ, ಅದು ನನಗೆ ನೋವಿನದು. ೧, ೨, ೩ ಎಂದು ಕನ್ನಡ ಅಂಕಿಗಳು ತಾವಾಗಿ ಬರುವುದಿಲ್ಲ. ಪವರ್‌ಪಾಯಿಂಟ್ ಕಡತಗಳ ಮಾನಕದಲ್ಲಿ ಹಿಂದಿ, ಥಾಯ್ ಅಂಕಿಗಳ ಪಟ್ಟಿಗೆ ಹೆಸರಿದೆ, ಕನ್ನಡಕ್ಕಿಲ್ಲ. ಯೂನಿಕೋಡಿನಲ್ಲಿ ನಮ್ಮ ಹತ್ತೂ ಅಂಕಿಗಳಿಗೆ ಸ್ಥಾನವಿರುವಾಗ ಇದನ್ನು ಸೇರಿಸಿರೆಂದು ಕನ್ನಡ ಶಿಕ್ಷಕರು ಒಟ್ಟಾಗಿ ಕೇಳಬೇಕು. ಮನವಿಯ ಕರಡನ್ನು ನಾನು ಬರೆಯುತ್ತೇನೆ. ಸಹಿ ಹಾಕಲು ಸಿದ್ಧರಿರುವವರು ಕೆಳಗೆ ತಿಳಿಸಿ.