ಶಿಕಾಗೋದ ಜಗ್ಗು, ದಾವಣಗೆರೆಯ ಸಂಪು

ಹೋದ ಸಲ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಒಂದು ನೀರಿನ ಜಗ್ಗು ತಂದಿದ್ದೆ. ಚಾಕಲೇಟು, ಶಾಂಪೂ, ಬಾದಾಮಿ ಎಲ್ಲರೂ ತರುತ್ತಾರೆ. ಜಗ್ಗು ತಂದವನು ನಾನೊಬ್ಬನೇ ಇರಬೇಕು. ಶಿಕಾಗೋದ ನಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆದರೆ ಮೊದಲು ಕಾಣುವುದೇ ಇಂಥ ಜಗ್ಗು. ಮೇಲಿನ ಖಾನೆಗೆ ನಲ್ಲಿ ನೀರು ಸುರಿದರೆ ನಡುವಿನ ಬಿಳಿ ಡಬ್ಬಿಯಲ್ಲಿ ಹಾದು ಕೆಳಗೆ ಇಳಿಯುತ್ತದೆ. ಕರೆಂಟ್ ಬೇಡ, ಪ್ಲಂಬರ್ ಬೇಡ, ಗೋಡೆಗೆ ಮೊಳೆ ಹೊಡೆಯುವುದೂ ಬೇಡ.

ಅವ್ವ ಆ ಬಿಳಿ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಜರಜರ ಸದ್ದು.

"ಏನೈತಿ ಇದರಾಗ?"

"ಇದ್ದಿಲು."

"ಇದ್ದಿಲು ತರಾಕ ಅಮೆರಿಕಕ್ಕೆ ಹೋಗಿದ್ಯೇನಪ್ಪಾ?"

ಅವಳ ಮಾತು ಸುಳ್ಳಲ್ಲ. ಇಂಥ ಡಬ್ಬಿಗಳ ಇದ್ದಿಲು ಹೆಚ್ಚಾಗಿ ತೆಂಗಿನ ಚಿಪ್ಪಿನದೇ. ಚಿಪ್ಪನ್ನು ಗಾಳಿಯಾಡದಂತೆ ಸುಟ್ಟು, ಆಮೇಲೆ 800ರಿಂದ 1,000 ಡಿಗ್ರಿ ಬಿಸಿಯಲ್ಲಿ ಅದರೊಳಗೆ ಹಬೆ ಹಾಯಿಸುತ್ತಾರೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಲೆಕ್ಕವಿಲ್ಲದಷ್ಟು ಬೀಳುತ್ತವೆ. ಒಂದೇ ಒಂದು ಗ್ರಾಂ ಇದ್ದಿಲಿನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್ ಜಾಗ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಒಂದು ಹಿಡಿ ಇದ್ದಿಲು ಹಿಡಿದರೆ ಏಳೆಂಟು ಎಕರೆ ಹೊಲ ಕೈಯಲ್ಲಿ ಇದ್ದ ಹಾಗೆ!

ನೀರು ಇದರಲ್ಲಿ ಹಾಯುವಾಗ ಪಾಚಿ ವಾಸನೆ, ಕೀಟನಾಶಕದ ಅಂಶ, ಇನ್ನೂ ಹಲವು ರಾಸಾಯನಿಕಗಳು ಆ ಗೋಡೆಗಳಿಗೆ ಅಂಟಿಕೊಂಡು ಉಳಿಯುತ್ತವೆ. ಕ್ಲೋರಿನ್ನಿನ ಕಥೆ ಬೇರೆ. ಅದು ಇದ್ದಿಲಿಗೆ ತಾಕಿದ ಕೂಡಲೇ ಕ್ಲೋರೈಡ್ ಆಗಿಬಿಡುತ್ತದೆ, ಬ್ಲೀಚಿಂಗ್ ಪೌಡರ್ ವಾಸನೆ ಅಲ್ಲಿಗೆ ಮುಗಿಯಿತು. ನದಿ ನೀರಿನಲ್ಲಿ ಕೊಳೆತ ಎಲೆ ಕಸದ ಅಂಶ ಇರುತ್ತದಲ್ವಾ, ಅದರ ಜೊತೆ ಕ್ಲೋರಿನ್ ಸೇರಿದರೆ ಟ್ರೈಹ್ಯಾಲೋಮೀಥೇನ್ ಎಂಬ ವಸ್ತುಗಳು ಹುಟ್ಟುತ್ತವೆ. ಇದು ಜಗತ್ತಿಗೆ ಗೊತ್ತಾಗಿದ್ದೇ 1974ರಲ್ಲಿ. ವರ್ಷಗಟ್ಟಲೆ ಜಾಸ್ತಿ ಪ್ರಮಾಣದಲ್ಲಿ ಹೊಟ್ಟೆಗೆ ಹೋಗಬಾರದ ವಸ್ತುಗಳು ಇವು. ಒಳ್ಳೆಯ ಕಾರ್ಬನ್ ಫಿಲ್ಟರ್, ಅಂದರೆ ಇಂಥ ಇದ್ದಿಲಿನ ಫಿಲ್ಟರ್, ಇವನ್ನೂ ತಗ್ಗಿಸುತ್ತದೆ.

ಇಷ್ಟೆಲ್ಲ ಗುಣ ಇರುವ ಇದ್ದಿಲನ್ನು ಊರಿಗೆ ತಂದು ನಾನು ಪೆದ್ದನಾದೆ. ಆ ಕಥೆಗೆ ಮುಂಚೆ ಶಿಕಾಗೋದ ಮಾತು ಸ್ವಲ್ಪ ಹೇಳಬೇಕು.

ಅಲ್ಲಿ ಜಗ್ಗು ಸಾಕಾಗುವುದು ಯಾಕೆಂದರೆ ಮುಕ್ಕಾಲು ಕೆಲಸ ಮನೆಗೆ ಬರುವ ಮುಂಚೆಯೇ ಮುಗಿದಿರುತ್ತದೆ. ನೀರು ಮಿಷಿಗನ್ ಸರೋವರದ್ದು. ಸೋಸಿ, ಕ್ಲೋರಿನ್ ಹಾಕಿ ಬಿಡುತ್ತಾರೆ. ಹಗಲೂ ರಾತ್ರಿ ಪೈಪು ತುಂಬಿಯೇ ಇರುತ್ತದೆ. ನಮ್ಮ ಮನೆಗೆ ಸಂಪು ಇಲ್ಲ, ತಾರಸಿ ಮೇಲೆ ಟ್ಯಾಂಕೂ ಇಲ್ಲ. ಪ್ರತಿ ವರ್ಷ ಜುಲೈ 1ರೊಳಗೆ ನೀರಿನಲ್ಲಿ ಏನೇನು ಎಷ್ಟೆಷ್ಟು ಇದೆ ಎಂಬ ವರದಿಯನ್ನು ನೀರು ಕೊಡುವವರು ಗ್ರಾಹಕರಿಗೆ ಕೊಡಲೇಬೇಕು, ಕಾನೂನೇ ಹಾಗಿದೆ. ನಾನು ಮೊದಮೊದಲು ಅದನ್ನು ಓದದೇ ರದ್ದಿಗೆ ಹಾಕುತ್ತಿದ್ದೆ.

ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಬೀದಿ ಪೈಪಿನಿಂದ ಮನೆಗೆ ಬರುವ ಪೈಪು ಸೀಸದ್ದೇ ಆಗಿರಬೇಕು ಎಂಬ ನಿಯಮ ಶಿಕಾಗೋದಲ್ಲಿ 1986ರವರೆಗೂ ಇತ್ತು! ಅಂಥ ಪೈಪು ಇರುವ ಮನೆಗಳು ಈಗಲೂ ಸುಮಾರು 4 ಲಕ್ಷ. ಅಮೆರಿಕದ ಬೇರೆ ಯಾವ ಊರಲ್ಲೂ ಅಷ್ಟಿಲ್ಲ. ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ಇದು ಗೊತ್ತಾದ ಮೇಲೆ ನಾನು ಜಗ್ಗಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಲು ಕಲಿತೆ. ಎನ್‌ಎಸ್‌ಎಫ್ ಅಂದರೆ ಫಿಲ್ಟರುಗಳನ್ನು ಪರೀಕ್ಷಿಸಿ ಮುದ್ರೆ ಕೊಡುವ ಸಂಸ್ಥೆ, ಮುಂದಿನ ಸಂಖ್ಯೆ ಮಾನದಂಡದ್ದು. ಎನ್‌ಎಸ್‌ಎಫ್ 42 ಅಂತಿದ್ದರೆ ಕ್ಲೋರಿನ್ ಮತ್ತು ರುಚಿ ವಾಸನೆಗೆ ಮಾತ್ರ. ಎನ್‌ಎಸ್‌ಎಫ್ 53 ಅಂತಿದ್ದು, ಜೊತೆಗೆ ಸೀಸದ ಹೆಸರೂ ಇದ್ದರೆ ಸೀಸಕ್ಕೆ. ಹೊರಗಿಂದ ಎರಡೂ ಒಂದೇ ಥರ, ಎರಡೂ ಬಿಳಿ ಡಬ್ಬಿ. ಎರಡು ವರ್ಷ ನಾವು 42ರ ಡಬ್ಬಿಯನ್ನೇ ಹಾಕಿಕೊಂಡು ನೆಮ್ಮದಿಯಾಗಿದ್ದೆವು.

ಈಗ ದಾವಣಗೆರೆಗೆ ಬನ್ನಿ. ನಮ್ಮ ಮನೆಗೆ ಬರುವುದು ತುಂಗಭದ್ರೆಯ ನೀರು. ರಾಜನಹಳ್ಳಿಯ ಹತ್ತಿರ ಎತ್ತಿ ತರುವ ಹೊಳೆ ನೀರು ಸಿಹಿಯಾಗಿದೆ. ಆದರೆ ಅದು ದಿನಾ ಬರುವುದಿಲ್ಲ. ನೀರು ಬಿಟ್ಟ ಸುದ್ದಿ ಮೊದಲು ಗೊತ್ತಾಗುವುದು ನಲ್ಲಿಯ ಸದ್ದಿನಿಂದ. ಬುಸ್ ಅಂತ ಗಾಳಿ, ಆಮೇಲೆ ಗೊರಗೊರ, ಆಮೇಲೆ ಟೀ ಬಣ್ಣದ ನೀರು. ಅವ್ವ ಮೊದಲ ಎರಡು ಬಕೆಟ್ ಹಿಡಿದು ಗಿಡಕ್ಕೆ ಹಾಕುತ್ತಾಳೆ. ಮೂರನೆಯದನ್ನು ಸ್ಟೀಲ್ ಚೊಂಬಿಗೆ ಹಿಡಿದು ಬೆಳಕಿಗೆ ನೋಡುತ್ತಾಳೆ. ತಳ ಕಂಡರೆ ಮಾತ್ರ ಸಂಪಿಗೆ ಬಿಡುವುದು. ಯಾರೂ ಹೇಳಿಕೊಟ್ಟಿಲ್ಲ, ನಲವತ್ತು ವರ್ಷದ ರೂಢಿ.

ಆ ಬುಸ್ ಸದ್ದಿನಲ್ಲೇ ಎಲ್ಲ ಇದೆ. ನೀರು ನಿಂತ ದಿನಗಳಲ್ಲಿ ಪೈಪು ಖಾಲಿ, ಒಳಗೆ ಒತ್ತಡ ಇಲ್ಲ. ಎಲ್ಲಾದರೂ ಸಣ್ಣ ಬಿರುಕು ಇದ್ದು ಪಕ್ಕದಲ್ಲೇ ಚರಂಡಿ ಹರಿಯುತ್ತಿದ್ದರೆ ಪೈಪು ಅದನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ನೀರಿನ ಘಟಕದಲ್ಲಿ ಎಷ್ಟೇ ಚೆನ್ನಾಗಿ ಶುದ್ಧ ಮಾಡಿದ್ದರೂ ಕೊನೆಯ ಕಾಲು ಮೈಲಿಯಲ್ಲಿ ಕೆಟ್ಟಿತು. ಆಮೇಲೆ ಸಂಪು, ಟ್ಯಾಂಕು, ಅಡುಗೆಮನೆಯ ಕೊಡ. ನಡುವೆ ಕೈ ಅದ್ದುವವರು ಎಷ್ಟು ಜನ!

ಇದ್ದಿಲಿಗೆ ಈ ರೋಗಾಣುಗಳನ್ನು ಕೊಲ್ಲುವ ಶಕ್ತಿ ಇಲ್ಲ. ಅಷ್ಟೇ ಅಲ್ಲ, ಕ್ಲೋರಿನ್ ಅನ್ನು ತೆಗೆದುಬಿಡುವುದರಿಂದ ನೀರಿನ ಕಾವಲುಗಾರನನ್ನೇ ಮನೆಗೆ ಕಳಿಸಿದಂತೆ. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಇಟ್ಟಿರುವುದು ದಾರಿಯಲ್ಲಿ ಕಾಯಲಿ ಅಂತಲೇ. ವಿದ್ಯಾನಗರದ ನಮ್ಮ ಭಾವ, ಕೂದಲು ಉದುರುತ್ತದೆ ಅಂತ, ಟ್ಯಾಂಕಿಗೆ ಹೋಗುವ ಪೈಪಿಗೇ ದೊಡ್ಡ ಕಾರ್ಬನ್ ಫಿಲ್ಟರ್ ಹಾಕಿಸಿದರು. ನಾಲ್ಕು ತಿಂಗಳಿಗೆ ಟ್ಯಾಂಕಿನ ಗೋಡೆ ಲೋಳೆ ಲೋಳೆ. ಕೂದಲೂ ನಿಲ್ಲಲಿಲ್ಲ ಬಿಡಿ. ಕಾರ್ಬನ್ ಯಾವತ್ತೂ ಕೊನೆಯಲ್ಲಿ, ಕುಡಿಯುವ ಲೋಟದ ಹತ್ತಿರ ಇರಬೇಕು. ಸೋಸಿದ ನೀರನ್ನು ದಿನಗಟ್ಟಲೆ ಇಡಬಾರದು. ಶಿಕಾಗೋದಲ್ಲಿ ಫ್ರಿಜ್ಜಿನಲ್ಲಿಟ್ಟು ಒಂದು ದಿನದಲ್ಲಿ ಕುಡಿದು ಮುಗಿಸುತ್ತೇವೆ, ಅದಕ್ಕೇ ನಡೆಯುತ್ತದೆ.

ಇನ್ನು ನನ್ನ ಜಗ್ಗಿನ ಗತಿ. ಒಂದು ಡಬ್ಬಿಯ ಆಯಸ್ಸು ಸುಮಾರು 150 ಲೀಟರ್, ಅಥವಾ ಎರಡು ತಿಂಗಳು. ಅಲ್ಲಿ ನಾವು ಮೂರು ಜನ, ಬರೀ ಕುಡಿಯಲು. ಇಲ್ಲಿ ಕುಡಿಯಲು, ಅನ್ನಕ್ಕೆ, ಸಾರಿಗೆ, ಬಂದ ನೆಂಟರಿಗೆ. ಹದಿನೈದು ದಿನಕ್ಕೆ 150 ಲೀಟರ್ ಮುಗಿದಿತ್ತು. ಹೊಳೆ ನೀರು ಬರದ ದಿನ ಅವ್ವ ಬೋರಿನ ನೀರನ್ನೂ ಅದಕ್ಕೇ ಸುರಿದಿದ್ದಳು. "ಫಿಲ್ಟರ್ ಅಲ್ವಾ, ಎಲ್ಲಾ ತೆಗೀತದ ಅಂದಿದ್ಯಲ್ಲ." ಅಂದಿದ್ದೆ, ಹೌದು. ಆದರೆ ಅದೇ ಜಗ್ಗಿನ ನೀರಲ್ಲಿ ಮಾಡಿದ ಟೀ ಮೇಲೆ ಎಣ್ಣೆಯಂಥ ಪದರ ಕಟ್ಟುತ್ತಿತ್ತು. ಅದು ಗಡಸು ನೀರಿನ ಗುರುತು. ಕರಗಿದ ಸುಣ್ಣ, ಉಪ್ಪು ಇದ್ದಿಲಿಗೆ ಅಂಟುವುದಿಲ್ಲ, ಸುಮ್ನೆ ಹಾದು ಹೋಗುತ್ತವೆ. ಜಗ್ಗಿನ ಡಬ್ಬಿಯಲ್ಲಿ ಗಡಸುತನ ಹಿಡಿಯುವ ರಾಳವೂ ಸ್ವಲ್ಪ ಇರುತ್ತದೆ. ನಮ್ಮ ಬೋರಿನ ನೀರಿಗೆ ಅದು ಯಾವ ಮೂಲೆಗೆ ಸಾಕು?

ಅಷ್ಟರಲ್ಲಿ ಒಬ್ಬ ಹುಡುಗ ಟೈ ಕಟ್ಟಿಕೊಂಡು ಆರ್‌ಒ, ಅಂದರೆ ತೆಳು ಪೊರೆಯಲ್ಲಿ ನೀರನ್ನು ಒತ್ತಿ ಹಾಯಿಸಿ ಉಪ್ಪು ಖನಿಜ ತೆಗೆಯುವ ಯಂತ್ರ, ಮಾರಲು ಬಂದ. ಎರಡು ಲೋಟ ತಗೊಂಡ. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಯಂತ್ರದ ನೀರು. ಎರಡಕ್ಕೂ ಸಣ್ಣ ಸರಳುಗಳನ್ನು ಇಳಿಬಿಟ್ಟು ಕರೆಂಟ್ ಕೊಟ್ಟ. ನಿಮಿಷದೊಳಗೆ ನಮ್ಮ ನೀರು ಕಂದು ಬಣ್ಣ, ಮೇಲೆ ಗಸಿ. ಅವನದು ಹಾಗೇ ತಿಳಿ. "ನೋಡಿ ಅಮ್ಮಾ, ನೀವು ಇಷ್ಟು ದಿನ ಕುಡಿದಿದ್ದು ಇದನ್ನೇ." ಅವ್ವನ ಮುಖ ಸಣ್ಣದಾಯಿತು.

ಇದು ಹಳೆಯ ಕಣ್ಕಟ್ಟು. ಆ ಗಸಿ ನೀರಿನದಲ್ಲ, ಸರಳಿನ ಕಬ್ಬಿಣದ್ದು. ನೀರಿನಲ್ಲಿ ಉಪ್ಪು ಖನಿಜ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಲ್ಲಿ ಉಪ್ಪು ತೀರಾ ಕಡಿಮೆ, ಕರೆಂಟ್ ಹರಿಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಅಂಗಡಿಯ ಮಿನರಲ್ ವಾಟರ್ ಬಾಟಲಿ ತಂದು ಮೂರನೇ ಲೋಟಕ್ಕೆ ಸುರಿದು ಅದಕ್ಕೂ ಸರಳು ಹಾಕು ಅಂದೆ. ಅದೂ ಕಂದು. ಹುಡುಗ ನಕ್ಕ, ಪಾಪ. ಅವನಿಗೂ ಟಾರ್ಗೆಟ್ ಇರುತ್ತದೆ.

ಅವನ ಹತ್ತಿರವೇ ಟಿಡಿಎಸ್ ಮೀಟರ್, ಅಂದರೆ ನೀರಲ್ಲಿ ಕರಗಿದ ಉಪ್ಪು ಖನಿಜ ಅಳೆಯುವ ಮೀಟರ್, ಇಸಿದುಕೊಂಡು ನೋಡಿದೆ. ಹೊಳೆ ನೀರು ಲೀಟರಿಗೆ ನೂರೈವತ್ತು ಮಿಲಿಗ್ರಾಂ ಹತ್ತಿರ. ಟಿಡಿಎಸ್ 500ರ ಒಳಗಿರುವ ಕಡೆ ಆರ್‌ಒ ಬಳಸದಂತೆ ಮಾಡಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಮೋರಿಗೆ ಬಿಡುತ್ತದೆ. ವಾರಗಟ್ಟಲೆ ನೀರಿಗೆ ಕಾಯುವ ಊರಲ್ಲಿ ಬಂದ ಸಿಹಿ ನೀರನ್ನು ಹೀಗೆ ಚೆಲ್ಲುವುದು ನನಗಂತೂ ಸಹಿಸುವುದಿಲ್ಲ. ತಮಾಷೆ ಅಂದರೆ ಆ ದುಬಾರಿ ಯಂತ್ರದ ಒಳಗೂ ಕಾರ್ಬನ್ ಇದೆ. ಕ್ಲೋರಿನ್ ತಾಕಿದರೆ ಅದರ ಪೊರೆ ಹಾಳಾಗುತ್ತದೆ, ಅದಕ್ಕೆ ಪೊರೆಯ ಮುಂದೆ ಇದ್ದಿಲನ್ನು ಕಾವಲು ನಿಲ್ಲಿಸಿರುತ್ತಾರೆ.

ಹಾಗಂತ ಆರ್‌ಒ ಎಲ್ಲ ಕಡೆ ದಂಡ ಅನ್ನಲಾರೆ. ಚಳ್ಳಕೆರೆ ಕಡೆ ಚಿಕ್ಕಪ್ಪನ ಹಳ್ಳಿಗೆ ಹೋದರೆ ಮಾತೇ ಬೇರೆ. ಅಲ್ಲಿ ಬೋರ್‌ವೆಲ್ ನೀರೇ ಗತಿ, ಆ ನೀರಲ್ಲಿ ಫ್ಲೋರೈಡ್. ನಮ್ಮ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಾಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದು ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ವಯಸ್ಸಾದಂತೆ ಮೊಣಕಾಲು, ಬೆನ್ನು ಬಿಗಿತ. ಚಿಕ್ಕಪ್ಪ ನಕ್ಕಾಗ ಆ ಗೆರೆಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎಲೆ ಅಡಿಕೆ ಅಂದುಕೊಂಡಿದ್ದೆ. ವಿಚಿತ್ರ ನೋಡಿ, ಅಮೆರಿಕದಲ್ಲಿ ಹಲ್ಲು ಹುಳುಕಾಗದಿರಲಿ ಅಂತ ಹಲವು ಊರುಗಳ ನಲ್ಲಿ ನೀರಿಗೆ ಇದೇ ಫ್ಲೋರೈಡನ್ನು ಲೀಟರಿಗೆ 0.7 ಮಿಲಿಗ್ರಾಂ ಆಗುವಂತೆ ಬೆರೆಸುತ್ತಾರೆ. ಶಿಕಾಗೋದಲ್ಲೂ ಅಷ್ಟೇ. ಅಲ್ಲಿ ದುಡ್ಡು ಕೊಟ್ಟು ಹಾಕುವುದನ್ನು ಇಲ್ಲಿ ದುಡ್ಡು ಕೊಟ್ಟು ತೆಗೆಯಬೇಕು.

ತೆಗೆಯುವುದು ಸುಲಭವಲ್ಲ. ನಮ್ಮ ಇದ್ದಿಲಿನ ಡಬ್ಬಿ ಫ್ಲೋರೈಡನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟುಬಿಡುತ್ತದೆ. "ಕುದಿಸಿದ್ರೆ ಹೋಗತೈತಿ ಬಿಡೋ" ಅನ್ನುತ್ತಾರೆ ಚಿಕ್ಕಪ್ಪ. ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೆ ಆರ್‌ಒ ಬೇಕು, ಇಲ್ಲವೇ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಆಕ್ಟಿವೇಟೆಡ್ ಅಲ್ಯುಮಿನಾ ಎಂಬ ವಸ್ತು ಬೇಕು. ಊರ ಬಾಗಿಲಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಕುಡಿಯಲು, ಅಡುಗೆಗೆ ಅದನ್ನೇ ತನ್ನಿ ಅಂತ ಕಾಲು ಹಿಡಿದಂತೆ ಹೇಳಿ ಬಂದೆ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ದುರ್ಗದ ಕೋಟೆಯವರು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೊಂಡದಿಂದ ಹೊಂಡಕ್ಕೆ ಹಿಡಿದಿಟ್ಟು ಬದುಕಿದವರು. ಚಿಕ್ಕಪ್ಪನ ಮನೆಯ ಆರ್‌ಸಿಸಿ ತಾರಸಿಯ ನೀರು ಮಾತ್ರ ಸೀದಾ ರಸ್ತೆಗೆ ಹೋಗುತ್ತದೆ.

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿಯನ್ನು ನಾನು ಶಿಕಾಗೋದಲ್ಲಿ ಫೋನಿನಲ್ಲಿ ಓದಿದೆ. ಆಗ ನನ್ನ ಕೈಯಲ್ಲಿ ಆ ಜಗ್ಗಿನ ತಣ್ಣನೆ ನೀರಿತ್ತು. ಆಗಲೇ ತಂದುಕೊಡಬೇಕು ಅನ್ನಿಸಿದ್ದು. ಯಾವ ರೋಗಕ್ಕೆ ಯಾವ ಔಷಧಿ ಅಂತ ಯೋಚಿಸಲೇ ಇಲ್ಲ.

ಕೊನೆಗೆ ಅವ್ವನ ಅಡುಗೆಮನೆಗೆ ಹಾಕಿಸಿದ್ದು ಆರ್‌ಒ ಇಲ್ಲದ ಸಾದಾ ಯಂತ್ರ. ಮೊದಲು ಮಣ್ಣು ತುಕ್ಕು ಹಿಡಿಯುವ ದಾರದ ಫಿಲ್ಟರ್, ಆಮೇಲೆ ಕಾರ್ಬನ್, ಕೊನೆಗೆ ರೋಗಾಣು ಕೊಲ್ಲುವ ಯುವಿ ದೀಪ. ಕರೆಂಟ್ ಹೋದರೆ ಕುದಿಸುವುದು. ಬೋರಿನ ನೀರು ಪಾತ್ರೆ ಬಟ್ಟೆಗೆ ಮಾತ್ರ. ಮೂರು ತಿಂಗಳಿಗೆ ದಾರದ ಫಿಲ್ಟರ್ ಬಿಚ್ಚಿದಾಗ ಬಿಳಿಯದು ಬೆಲ್ಲದ ಬಣ್ಣವಾಗಿತ್ತು, ಅವ್ವ ಅದನ್ನು ಪಕ್ಕದ ಮನೆಯವರಿಗೂ ಕರೆದು ತೋರಿಸಿದಳಂತೆ. ಕಾರ್ಬನ್ ಮಾತ್ರ ತುಂಬಿದರೂ ನೋಡಿದರೆ ಗೊತ್ತಾಗುವುದಿಲ್ಲ, ಮೊದಲೂ ಕಪ್ಪು, ಆಮೇಲೂ ಕಪ್ಪು. ಅದರ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಪಕ್ಕ ಬರೆದಿಟ್ಟಿದ್ದಾಳೆ: "ಇದ್ದಿಲು ಬದಲಿ". ಸರ್ವಿಸ್ ಹುಡುಗ ಎರಡು ತಿಂಗಳು ಮೊದಲೇ ಬದಲಿಸಬೇಕು ಅಂದದ್ದಕ್ಕೆ ಅದನ್ನೇ ತೋರಿಸಿ ವಾಪಸ್ ಕಳಿಸಿದಳು.

ಜಗ್ಗಿನಲ್ಲಿ ಈಗ ಮಜ್ಜಿಗೆ ಇರುತ್ತದೆ. ಆ ಬಿಳಿ ಡಬ್ಬಿಯನ್ನು ಒಡೆದು ಒಳಗಿನದನ್ನೆಲ್ಲ ಕರಿಬೇವಿನ ಬುಡಕ್ಕೆ ಸುರಿದಳಂತೆ. "ನಿನ್ನ ಅಮೆರಿಕದ ಇದ್ದಿಲಿಗೆ ಗಿಡ ಚಿಗುರೈತಿ ನೋಡು" ಅಂತ ಮೊನ್ನೆ ವಿಡಿಯೋ ಕಾಲ್‌ನಲ್ಲಿ ಫೋನ್ ತಿರುಗಿಸಿ ತೋರಿಸಿದಳು. ಬುಡದಲ್ಲಿ ಆಗಷ್ಟೇ ಸುರಿದ ಟೀ ಬಣ್ಣದ ನೀರು ನಿಂತಿತ್ತು. ಅವತ್ತು ನೀರು ಬಿಟ್ಟಿದ್ದರು.