ಸ್ಪಷ್ಟನೆ: ಆ ಡೈನೋಸಾರ್ ಆಟ 1 ಕೆಬಿಯದ್ದಲ್ಲ

ನಮ್ಮ ಮಂಗಳೂರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ‘3ಡಿ ಮಾನ್‌ಸ್ಟರ್ ಮೇಜ್ ಜಗತ್ತಿನ ಮೊದಲ 3ಡಿ ಆಟ, ಬರೀ 1 ಕೆಬಿ ಮೆಮೊರಿ ಸಾಕಿತ್ತು’ ಅಂತ. ಎರಡೂ ತಪ್ಪು. ಸಿಕ್ಕುಸಿಕ್ಕಾದ ದಾರಿಗಳಲ್ಲಿ ರೆಕ್ಸ್ ಎಂಬ ಡೈನೋಸಾರ್‌ನಿಂದ ತಪ್ಪಿಸಿಕೊಂಡು ಹೊರಬರುವ ಆಟ ಇದು.

ಈ ಆಟ ಓಡುತ್ತಿದ್ದ ಝಡ್‌ಎಕ್ಸ್81 ಎಂಬ ಹಳೆಯ ಮನೆ ಕಂಪ್ಯೂಟರಿನೊಳಗೆ ಇದ್ದದ್ದು 1 ಕೆಬಿ, ನಿಜ. ಆದರೆ ಈ ಆಟಕ್ಕೆ ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ 16 ಕೆಬಿ ಮೆಮೊರಿ ಪ್ಯಾಕ್ ಬೇಕೇ ಬೇಕು. ಆ ಪ್ಯಾಕ್ ಚೂರು ಅಲುಗಾಡಿದರೂ ಕಂಪ್ಯೂಟರ್ ಕೈಕೊಡುತ್ತಿತ್ತು. ಡೈನೋಸಾರ್‌ಗಿಂತ ಅದಕ್ಕೇ ಜಾಸ್ತಿ ಹೆದರಬೇಕು! ಇನ್ನು ‘ಮೇಜ್ ವಾರ್’ ಎಂಬ 3ಡಿ ಆಟ 1970ರ ದಶಕದಲ್ಲೇ ಬಂದಿತ್ತು. ಅದು ಮನೆ ಕಂಪ್ಯೂಟರಿನದ್ದಲ್ಲ, ಅಷ್ಟೇ. ಮಾಲ್ಕಮ್ ಇವಾನ್ಸ್ 1981ರಲ್ಲಿ ಬರೆದ ಈ ಆಟವನ್ನು ಮನೆ ಕಂಪ್ಯೂಟರಿನ ಮೊದಮೊದಲ 3ಡಿ ಆಟಗಳಲ್ಲೊಂದು ಅನ್ನಿ, ತಕರಾರಿಲ್ಲ.

ಇವತ್ತಿಗೂ ಜನ ಇದನ್ನು ಯಾಕೆ ಆಡುತ್ತಾರೆ? ದಾರಿ ಪ್ರತಿ ಸಲ ಹೊಸದು. ಕಪ್ಪು ಬಿಳಿ ಚೌಕಗಳ ಗೋಡೆ, ಕೆಳಗೊಂದು ಸಾಲು: ರೆಕ್ಸ್ ನಿಮ್ಮನ್ನು ಹುಡುಕುತ್ತಿದ್ದಾನೆ. ಆಮೇಲೆ, ಹೆಜ್ಜೆ ಸಪ್ಪಳ ಹತ್ತಿರ ಬರುತ್ತಿದೆ. ಸಪ್ಪಳವೇ ಇಲ್ಲ, ಸುಮ್ನೆ ಅಕ್ಷರ! ಯಕ್ಷಗಾನದಲ್ಲಿ ಬಣ್ಣದ ವೇಷ ಚೆಂಡೆಯ ಅಬ್ಬರದಲ್ಲಿ ಬರುತ್ತದೆ. ಇಲ್ಲಿ ರಕ್ಕಸ ಮೌನವಾಗಿ ಬರುತ್ತಾನೆ. ಮೂಲೆ ತಿರುಗಿದರೆ ಎದುರಿಗೇ ಹಲ್ಲು.

ಅಂದ ಹಾಗೆ, ವಿಡಿಯೋದಲ್ಲಿ ಕೇಳುವ ಘರ್ಜನೆ ಯಾರೋ ಸೇರಿಸಿದ್ದು. ಝಡ್‌ಎಕ್ಸ್81ರಲ್ಲಿ ಸ್ಪೀಕರೇ ಇರಲಿಲ್ಲ.